ಹುಡುಕಮ್ಮ ಅಕ್ಕನಿಗಾಗಿ ಹುಡುಕಿದ್ದು

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮೂಲೆಯ ಮೇಜು ಹಿಡಿದು ದಿನಾ ಒಬ್ಬಳೇ ಟೀ ಕುಡಿಯುತ್ತಿದ್ದ ಆ ಹೆಂಗಸನ್ನು ಇದನ್ನು ಬರೆಯುತ್ತಿರುವವನು ಬಹಳ ಕಾಲ ರೋಗಿ ಎಂದೇ ತಿಳಿದಿದ್ದ. ತಿಳಿಯದೆ ಇನ್ನೇನು? ಹೆಗಲ ಮೇಲೆ ಬೂದು ಶಾಲು, ಮುಂದೆ ಒಂದು ಕಟ್ಟು ಕಾಗದ, ಕೈಯಲ್ಲೊಂದು ಪೆನ್ಸಿಲ್ಲು. ಒಂದೊಂದೇ ಹಾಳೆ ಎತ್ತಿಕೊಳ್ಳುವುದು, ಓದುವುದು, ತುಟಿ ಕಚ್ಚುವುದು, ತಲೆಯಾಡಿಸಿ ಕೆಳಗಿಡುವುದು. ತನ್ನ ರಿಪೋರ್ಟುಗಳನ್ನು ತಾನೇ ಓದಿಕೊಂಡು ಕೊರಗುತ್ತಿರುವ ಜೀವ, ಪಾಪ ಎಂದು ಮರುಕಪಟ್ಟು, ಮೊಣಕಾಲು ತೋರಿಸಲು ಬಂದಿದ್ದ ಈತ ಒಂದು ದಿನ ಎದುರಿಗೆ ಕೂತು ಧೈರ್ಯವನ್ನೂ ಹೇಳಿಬಿಟ್ಟ.

“ಯೋಚನೆ ಮಾಡ್ಬೇಡಿ, ಎಲ್ಲಾ ಸರಿಹೋಗುತ್ತೆ.”

“ಎಲ್ಲಿ ಸರಿಹೋಗುತ್ತೆ? ಇನ್ನೂ ಆರುನೂರು ಬಾಕಿ ಇವೆ” ಎಂದಳು ಆಕೆ, ಹಾಳೆಯಿಂದ ಕಣ್ಣೆತ್ತದೆ.

ಆರುನೂರು ರಿಪೋರ್ಟು ಬೇಡುವ ರೋಗ ಯಾವುದಿರಬಹುದು ಎಂಬ ಗಾಬರಿಯಲ್ಲಿ ಮೊಣಕಾಲಿನ ನೋವು ಅಂದಿಗೆ ಮರೆತೇಹೋಯಿತು. ಟೀ ಕೊಡುವವನನ್ನು ವಿಚಾರಿಸಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಅವ್ರಿಗೇನೂ ಇಲ್ಲ ಸಾರ್, ಗುಂಡುಕಲ್ಲಿನ ಥರ ಇದಾರೆ. ಲೈಬ್ರರಿಯವರು.”

ಅಪ್ಪ ಅಮ್ಮ ಇಟ್ಟ ಹೆಸರೊಂದು ಆಕೆಗೆ ಇದೆ. ಸಂಬಳದ ಚೀಟಿಯ ಮೇಲೆ ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಡಾಕ್ಟರುಗಳಿಂದ ಹಿಡಿದು ಬಾಗಿಲು ಕಾಯುವವರವರೆಗೆ ಎಲ್ಲರಿಗೂ ಆಕೆ ಹುಡುಕಮ್ಮ. ಹಿಂದಿನಿಂದ ಕರೆಯಲು ಶುರುಮಾಡಿದ್ದು, ಕಾಲಕ್ರಮದಲ್ಲಿ ಎದುರಿಗೇ ಬಂತು. ಆಕೆಯೂ ಬೇಡ ಅನ್ನಲಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, “ಊರವರದ್ದೆಲ್ಲ ಹುಡುಕಿ ಮುಗೀಲಿ, ಆಮೇಲೆ ನಂದು ಹುಡುಕ್ಕೋತೀನಿ” ಎನ್ನುತ್ತಿದ್ದಳು. ಈಗ ಹಾಗೆ ಕೇಳುವವರೂ ಇಲ್ಲ. ತಲೆ ನರೆತ ಮೇಲೆ ಜನ ಆ ಪ್ರಶ್ನೆಯನ್ನು ತಾವಾಗಿಯೇ ವಾಪಸ್ಸು ತೆಗೆದುಕೊಂಡರು.

ವೈದ್ಯಕೀಯ ಕಾಲೇಜಿನ ಲೈಬ್ರರಿ ಇರುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಗೋಡೆಯ ಆ ಕಡೆ ಲಾಂಡ್ರಿ. ಹಾಸಿಗೆಯ ಬಟ್ಟೆ ಒಗೆಯುವ ಯಂತ್ರಗಳು ದಿನವಿಡೀ ಗುಡುಗುತ್ತವೆ, ಬಿಸಿ ಬಟ್ಟೆಯ ವಾಸನೆ ಕಪಾಟುಗಳ ನಡುವೆ ಸುಳಿದಾಡುತ್ತದೆ. ಒಂದು ಕಾಲದಲ್ಲಿ ಇಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗಾಗಿ ವಿದ್ಯಾರ್ಥಿಗಳು ಕಾದಾಡುತ್ತಿದ್ದರು. ಪತ್ರಿಕೆಗಳೆಲ್ಲ ಫೋನಿನೊಳಗೆ ಹೊಕ್ಕ ಮೇಲೆ ಆ ಕುರ್ಚಿಗಳು ಮೇಜಿನ ಮೇಲೆ ಕಾಲು ಮೇಲೆ ಮಾಡಿಕೊಂಡು ಮಲಗಿವೆ. ಹಾಗಂತ ಕೆಲಸವೇನೂ ಕಡಿಮೆಯಾಗಿಲ್ಲ, ಬೇಕಾದರೆ ಎರಡರಷ್ಟಾಗಿದೆ. ಎಲ್ಲ ಈಮೇಲಿನಲ್ಲಿ ಬರುತ್ತದೆ, ಈಮೇಲಿನಲ್ಲೇ ಹೋಗುತ್ತದೆ. ಕೆಲಸ ಬರುತ್ತದೆ, ಮನುಷ್ಯರು ಬರುವುದಿಲ್ಲ. ಎಷ್ಟೋ ದಿನ ಹುಡುಕಮ್ಮ ಬಾಯಿಬಿಟ್ಟು ಆಡುವ ಮೊದಲ ಮಾತು ಮಧ್ಯಾಹ್ನ ಕ್ಯಾಂಟೀನಿನಲ್ಲಿ “ಸಕ್ಕರೆ ಬೇಡ” ಎಂಬುದು. ಅಷ್ಟು ಹೊತ್ತಿಗೆ ಗಂಟಲು ತುಕ್ಕು ಹಿಡಿದಿರುತ್ತದೆ. ಎರಡು ಸಲ ಕೆಮ್ಮಿ ಸರಿಮಾಡಿಕೊಂಡೇ ಹೇಳಬೇಕು.

ಆಕೆಯ ಕೆಲಸವಾದರೂ ಏನು? ಯಾವುದೋ ಡಾಕ್ಟರು “ಈ ಕಾಯಿಲೆ ಬಗ್ಗೆ ಇರೋದೆಲ್ಲ ಕಳಿಸಿ” ಎಂದು ಒಂದು ಸಾಲು ಬರೆಯುತ್ತಾರೆ. ಇರೋದೆಲ್ಲ ಎಂದರೆ ಲಾರಿ ತರಬೇಕಾಗುತ್ತದೆ. ಆದ್ದರಿಂದ ಆಕೆ ತಿರುಗಿ ಕೇಳುತ್ತಾಳೆ: ಯಾರಿಗೆ ಬಂದ ಕಾಯಿಲೆ, ಯಾವ ಚಿಕಿತ್ಸೆ, ಅದನ್ನು ಯಾವುದಕ್ಕೆ ಹೋಲಿಸಬೇಕು, ಗುಣ ಆಯಿತು ಎನ್ನುವುದು ಯಾವಾಗ? ಪ್ರಶ್ನೆ ನೆಟ್ಟಗಾದ ಮೇಲೆ ಬಲೆ ಹೆಣೆಯುವುದು. ಒಂದೇ ಕಾಯಿಲೆಗೆ ಹತ್ತು ಹೆಸರು, ಒಂದೇ ಔಷಧಕ್ಕೆ ಇಪ್ಪತ್ತು. ಎಲ್ಲವನ್ನೂ ಹೆಣೆದು ಲೋಕದ ಸಂಶೋಧನೆಯೆಲ್ಲ ತುಂಬಿಟ್ಟಿರುವ ನಾಲ್ಕಾರು ದೊಡ್ಡ ಕಂಪ್ಯೂಟರ್ ಕಣಜಗಳಿಗೆ ಬೀಸಬೇಕು. ಬಲೆಯ ಕಣ್ಣು ಸಣ್ಣದಾದರೆ ಕೆಸರೂ ಬರುತ್ತದೆ, ದೊಡ್ಡದಾದರೆ ಬೇಕಾದ ಮೀನೇ ನುಸುಳಿಹೋಗುತ್ತದೆ. ಬಂದ ಸಾವಿರಾರು ಲೇಖನಗಳಲ್ಲಿ ಎರಡೆರಡು ಸಲ ಬಂದವನ್ನು ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆಯಬೇಕು. ಉಳಿದವುಗಳ ಸಾರಾಂಶವನ್ನು ಇಬ್ಬರು ಬೇರೆಬೇರೆಯಾಗಿ ಕೂತು, ಒಬ್ಬರದ್ದನ್ನು ಇನ್ನೊಬ್ಬರು ನೋಡದೆ ಓದಿ, ಇದು ಬೇಕು, ಇದು ಬೇಡ ಎಂದು ಗುರುತು ಹಾಕಬೇಕು. ಆಮೇಲೆ ತಾಳೆ ನೋಡುವುದು. ಈ ಕೊನೆಯ ನಿಯಮದ ವಿಷಯದಲ್ಲಿ ಹುಡುಕಮ್ಮ ಬಹಳ ಮಡಿ. ಒಬ್ಬರೇ ಓದಿದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ ಎನ್ನುವುದು ಆಕೆ ಎಲ್ಲ ಹೊಸ ಡಾಕ್ಟರುಗಳಿಗೂ ಹೇಳುವ ಮಾತು.

ಆ ದಿನಗಳಲ್ಲಿ ಮೆಟ್ಟಿಲಿಳಿದು ನೆಲಮಾಳಿಗೆಗೆ ಬರುತ್ತಿದ್ದ ಏಕಮಾತ್ರ ಪ್ರಾಣಿ ಎಂದರೆ ದೊಡ್ಡ ಡಾಕ್ಟರು. ಅವರು ಒಂದು ವಿಭಾಗದ ಮುಖ್ಯಸ್ಥರು. ಬರುವ ಮುಂಚೆ ಅವರ ಕೆಮ್ಮು ಬರುತ್ತಿತ್ತು, ಅದರ ಹಿಂದೆ ಹಾರಾಡುವ ಬಿಳಿ ಕೋಟು, ಅದರೊಳಗೆ ಅವರು. ತಾವು ಕಾಲಿಟ್ಟ ಕೋಣೆಗೆ ಒಂದು ಕಳೆ ಬರುತ್ತದೆ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಬೆನ್ನುನೋವಿಗೆ ತಾವು ಕಂಡುಹಿಡಿದ ಒಂದು ವಿಧಾನದ ಬಗ್ಗೆ ವಿಮರ್ಶಾ ಲೇಖನ ಬರೆಯಲು ಹೊರಟಿದ್ದರು.

“ನನ್ನ ವಿಧಾನ ಸರಿ ಅಂತ ಹೇಳೋವು ಒಂದಿಪ್ಪತ್ತು ಪೇಪರ್ ಬೇಕಿತ್ತಲ್ಲ” ಎಂದರು ಮೊದಲ ದಿನ.

“ತಪ್ಪು ಅಂತ ಹೇಳೋವು?”

“ಅವು ಯಾಕ್ರೀ?”

“ಅವೂ ಅದೇ ಬಲೆಗೇ ಬೀಳ್ತವೆ ಸಾರ್.”

“ಬಿದ್ರೆ ವಾಪಸ್ಸು ನೀರಿಗೆ ಬಿಡಿ.”

“ತೀರ್ಪು ಜೇಬಲ್ಲಿ ಇಟ್ಕೊಂಡು ಸಾಕ್ಷಿ ಹುಡುಕೋಕೆ ಬಂದಿದ್ದೀರಿ.”

“ಅಂದ್ರೆ ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲ?”

“ನಿಮ್ಮ ಮೇಲಿದೆ. ನಿಮ್ಮ ಆಸೆ ಮೇಲಿಲ್ಲ.”

ದೊಡ್ಡ ಡಾಕ್ಟರು ಮುನಿಸಿಕೊಂಡು ಹೋದರು, ಮರುದಿನ ಬಂದರು. ಅವರ ಕೈಕೆಳಗಿನವರಿಗೆಲ್ಲ ಅದೇ ವಾರ ವಿಪರೀತ ಕೆಲಸ ಬಂದುಬಿಟ್ಟಿದ್ದರಿಂದ ಎರಡನೆಯ ಓದುಗರಾಗಿ ಅವರೇ ಕೂರಬೇಕಾಯಿತು. ಮಧ್ಯಾಹ್ನದ ಹೊತ್ತು ಎರಡು ಕುರ್ಚಿ ಕೆಳಗಿಳಿದವು. ಒಂದರಲ್ಲಿ ಹುಡುಕಮ್ಮ, ದೂರದ ಇನ್ನೊಂದರಲ್ಲಿ ದೊಡ್ಡ ಡಾಕ್ಟರು. ಓದುವಾಗ ಮಾತಾಡುವ ಹಾಗಿಲ್ಲ. ಅವರು ನಿಟ್ಟುಸಿರು ಬಿಡುತ್ತಿದ್ದರು, ಕುರ್ಚಿ ಕಿರುಗುಟ್ಟಿಸುತ್ತಿದ್ದರು, ತಮ್ಮ ಹೆಸರು ಕಂಡಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಆ ಕಿರುಗುಟ್ಟುವಿಕೆ ಕಿವಿಗೆ ಎಷ್ಟು ಹಿತವಾಗಿತ್ತು ಎಂಬುದನ್ನು ಹುಡುಕಮ್ಮ ಯಾರಿಗೂ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳಲು ಇದ್ದವಳು ಒಬ್ಬಳು, ಅವಳಿಗೆ ಆಗ ಹುಷಾರಿರಲಿಲ್ಲ.

ಅವಳು ಅಕ್ಕ. ಅಮ್ಮ ತೀರಿಕೊಂಡಾಗ ಹುಡುಕಮ್ಮನಿಗೆ ತಲೆ ಬಾಚಿಕೊಳ್ಳುವಷ್ಟೂ ವಯಸ್ಸಿರಲಿಲ್ಲ. ಹೊಲಿಗೆ ಯಂತ್ರದ ಪೆಡಲು ತುಳಿಯುತ್ತ, ಕಾಲ ಬುಡದಲ್ಲಿ ತಂಗಿಯನ್ನು ಕೂರಿಸಿಕೊಂಡು ಮಗ್ಗಿ ಒಪ್ಪಿಸಿಕೊಂಡವಳು ಅಕ್ಕ. ಭಾವ ಬೇಗ ಹೋದರು, ಮಕ್ಕಳಾಗಲಿಲ್ಲ. ಒಂದೇ ಬಸ್ಸಿನ ಈ ತುದಿಯ ನಿಲ್ದಾಣದ ಬಳಿ ತಂಗಿಯ ಮನೆ, ಆ ತುದಿಯಲ್ಲಿ ಅಕ್ಕನ ಮನೆ ಮತ್ತು ಅದರ ಮುಂಗೋಣೆಯಲ್ಲಿ ಹೊಲಿಗೆ ಅಂಗಡಿ. ಸಂಜೆಯಾದರೆ ಫೋನು. “ಇವತ್ತು ಯಾರ ಹತ್ರ ಮಾತಾಡಿದೆ?” ಎಂದೇ ಅಕ್ಕ ಶುರುಮಾಡುವುದು. “ಟೀಯವನ ಹತ್ರ” ಎಂದರೆ, “ಹಂಗಾದ್ರೆ ಜಾತ್ರೆ ಜನ ಬಿಡು” ಎನ್ನುವುದು.

ಅಕ್ಕನ ಹೊಟ್ಟೆಯಲ್ಲಿ ಗೆಡ್ಡೆ ಬೆಳೆದು, ಕತ್ತರಿಸಿ ತೆಗೆದು, ಔಷಧ ಕೊಟ್ಟು, ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಅದು ತಿರುಗಿ ಬಂದಿತ್ತು. ಈ ಸಲ ಅಕ್ಕನ ಡಾಕ್ಟರು ದೂರದ ಒಂದು ಊರಿನ ದೊಡ್ಡ ಆಸ್ಪತ್ರೆಯ ಹೆಸರು ಹೇಳಿದರು. ಅಲ್ಲಿ ಹೊಸ ಚಿಕಿತ್ಸೆಯೊಂದಿದೆ, ತಿಂಗಳುಗಟ್ಟಲೆ ಅಲ್ಲೇ ಇರಬೇಕು, ಸೋಂಕು ತಗಲಬಾರದೆಂದು ಒಳಗೆ ಯಾರನ್ನೂ ಬಿಡುವುದಿಲ್ಲ, ಬೇಕಾದರೆ ಗಾಜಿನಾಚೆ ನಿಂತು ನೋಡಬಹುದು. ಹಾಸಿಗೆ ಬೇಕೋ ಬೇಡವೋ ಎಂದು ಸೋಮವಾರದೊಳಗೆ ತಿಳಿಸಬೇಕು.

“ಆ ಡಾಕ್ಟ್ರು ‘ಪ್ರಯತ್ನ ಮಾಡಬಹುದು’ ಅಂತಾರೆ” ಎಂದಳು ಅಕ್ಕ. “ಬಟ್ಟೆ ಸಾಲದೆ ಇದ್ದಾಗ ನಾನೂ ಗಿರಾಕಿಗೆ ಹಂಗೇ ಅಂತಿದ್ದೆ. ಅದಕ್ಕೇ ನೀನು ಹುಡುಕಿ ಹೇಳು. ಹೋಗು ಅಂದ್ರೆ ಹೋಗ್ತೀನಿ, ಬೇಡ ಅಂದ್ರೆ ಬಿಡ್ತೀನಿ.”

“ನಾನು ಡಾಕ್ಟ್ರಲ್ಲ ಅಕ್ಕಾ.”

“ಡಾಕ್ಟ್ರನ್ನ ಕೇಳಿ ಆಯ್ತಲ್ಲ. ಊರವರಿಗೆಲ್ಲ ಹುಡುಕಿಕೊಡ್ತೀಯ, ನನಗೊಂದು ಹುಡುಕಿಕೊಡೋಕೆ ನಿನ್ನ ಗಂಟೇನು ಹೋಗುತ್ತೆ?”

ಹುಡುಕಮ್ಮ ಬಲೆ ಹೆಣೆದಳು. ಜನ್ಮದಲ್ಲಿ ಅಂಥ ಬಲೆ ಹೆಣೆದಿರಲಿಲ್ಲ. ಯಾವ ಹೆಸರನ್ನೂ ಬಿಡಲಿಲ್ಲ, ಯಾವ ಕಣಜವನ್ನೂ ಬಿಡಲಿಲ್ಲ. ಬಂದದ್ದನ್ನು ಓದಲು ಕೂತಾಗ ಮಾತ್ರ ದೂರದ ಕುರ್ಚಿ ಖಾಲಿ ಇತ್ತು. ಇನ್ನೊಬ್ಬರಿಗೆ ತೋರಿಸಬಹುದಿತ್ತು. ಆದರೆ ಅಕ್ಕನ ಹೊಟ್ಟೆಯ ಸಂಗತಿಯನ್ನು ಯಾರ ಮುಂದೆ ಹರವುವುದು? ಒಬ್ಬಳೇ ಓದಿದಳು.

ಮೂರು ಲೇಖನಗಳು ಸಿಕ್ಕವು. ಮೂರು ಬೇರೆ ಪತ್ರಿಕೆ, ಮೂರು ಬೇರೆ ತಲೆಬರಹ, ಮೂರರಲ್ಲೂ ಚಿಕಿತ್ಸೆ ತೆಗೆದುಕೊಂಡವರು ನಿರೀಕ್ಷೆಗಿಂತ ಹೆಚ್ಚು ದಿನ ಬದುಕಿದ್ದರು. ನಾಲ್ಕನೆಯದೂ ಒಂದಿತ್ತು, ದೊಡ್ಡದು, ಎಷ್ಟೋ ಆಸ್ಪತ್ರೆಗಳು ಸೇರಿ ಮಾಡಿದ್ದು. ಅದು ಬೇರೆ ರಾಗ ಹಾಡುತ್ತಿತ್ತು. ಅದರಲ್ಲಿದ್ದ ರೋಗಿಗಳ ವಯಸ್ಸು ಅಕ್ಕನಿಗಿಂತ ಸ್ವಲ್ಪ ಹೆಚ್ಚು ಎಂದು ಹುಡುಕಮ್ಮ ಅದನ್ನು ಪಕ್ಕಕ್ಕಿಟ್ಟಳು. ಸ್ವಲ್ಪ ಎಂದರೆ ಎಷ್ಟು ಎಂದು ಬೇರೆ ಯಾರಾದರೂ ಆಗಿದ್ದರೆ ಪೆನ್ಸಿಲ್ಲು ಕುಟ್ಟಿ ಕೇಳುತ್ತಿದ್ದಳು. ತನ್ನನ್ನು ಕೇಳಿಕೊಳ್ಳಲಿಲ್ಲ.

“ಮೂರು ಕಡೆ ಮಾಡಿ ನೋಡಿದ್ದಾರೆ ಅಕ್ಕಾ” ಎಂದಳು ಸಂಜೆ ಫೋನಿನಲ್ಲಿ. ಗಂಟಲು ಸರಿಮಾಡಿಕೊಳ್ಳುವುದೇ ಮರೆತಿತ್ತು. “ಮೂರು ಕಡೆನೂ ಒಳ್ಳೇದಾಗಿದೆ.”

“ಮೂರು ಕಡೆನಾ? ಹಂಗಾದ್ರೆ ಹೋಗೋಣ ಬಿಡು.”

ಅಕ್ಕ ಹೊರಟಳೆಂದರೆ ಹೊರಟಳೇ. ಈ ಸಲ ಕೂದಲು ಹೇಗೂ ಉದುರುವುದು, ಅವರ ಕೈಯಲ್ಲಿ ಯಾಕೆ ಉದುರಿಸಿಕೊಳ್ಳಲಿ ಎಂದು, ಹಿಂದಿನ ಔಷಧಕ್ಕೂ ಉದುರದೆ ಉಳಿದಿದ್ದ ಉದ್ದ ಜಡೆಯನ್ನು ತನ್ನ ಬಟ್ಟೆ ಕತ್ತರಿಯಿಂದಲೇ ಕತ್ತರಿಸಿಕೊಂಡಳು. ಹೊಲಿಗೆ ಯಂತ್ರವನ್ನು ಎದುರುಮನೆಯ ಸೊಸೆಗೆ ಕೊಟ್ಟುಬಿಟ್ಟಳು. ಒಂದು ಸೂಟ್‌ಕೇಸು ತುಂಬಿ ಬಾಗಿಲ ಬಳಿ ಇಟ್ಟಳು.

ಶನಿವಾರ ಮಧ್ಯಾಹ್ನ ದೊಡ್ಡ ಡಾಕ್ಟರು ಬೆನ್ನುನೋವಿನ ಬಾಕಿ ಮುಗಿಸಲು ಬಂದರು. ಹುಡುಕಮ್ಮ ಕಪಾಟುಗಳ ಹಿಂದಿದ್ದಳು. ಮೇಜಿನ ಮೇಲೆ ಕಂಡ ಕಾಗದವೆಲ್ಲ ತಮಗಾಗಿಯೇ ಇಟ್ಟದ್ದು ಎಂದು ತಿಳಿಯುವವರ ಪೈಕಿ ಅವರು. ಆಕೆ ಬರುವಷ್ಟರಲ್ಲಿ ಮೂರೂ ಲೇಖನಗಳನ್ನು ತಿರುವಿಹಾಕಿದ್ದರು.

“ಇದು ಯಾರ ರಿವ್ಯೂ?”

“ನಂದೇ.”

“ಡೂಪ್ಲಿಕೇಟು ತೆಗೆದಿಲ್ಲವಲ್ಲ ನೀವು!”

ಅಜ್ಜಿಗೆ ಕೆಮ್ಮು ಕಲಿಸಲು ಬಂದಿದ್ದಾರೆ ಎಂದುಕೊಂಡು ಹುಡುಕಮ್ಮ ನಕ್ಕಳು. “ಮೂರೂ ಬೇರೆ ಸಾರ್. ತಲೆಬರಹ ನೋಡಿ, ಪತ್ರಿಕೆ ನೋಡಿ.”

“ಅವನ್ನ ಯಾರು ನೋಡ್ತಾರೆ? ಒಳಗೆ ನೋಡಿ. ಇಲ್ಲಿ ನಲವತ್ತೊಂದು ಜನ. ಇಲ್ಲೂ ನಲವತ್ತೊಂದು. ಮೂರನೇದ್ರಲ್ಲೂ ಅಷ್ಟೇ. ಎಲ್ಲದರಲ್ಲೂ ಹೆಂಗಸರು ಇಪ್ಪತ್ತಾರು. ಆಸ್ಪತ್ರೆ ಅದೇ, ವರ್ಷ ಅದೇ. ಬರೆದೋರ ಪಟ್ಟೀಲಿ ಇಲ್ಲಿ ಮುಂದಿರೋ ಡಾಕ್ಟ್ರು ಅಲ್ಲಿ ಹಿಂದೆ ಹೋಗಿದ್ದಾನೆ, ಹಿಂದಿದ್ದೋನು ಮುಂದೆ ಬಂದಿದ್ದಾನೆ. ಅದೇ ನಲವತ್ತೊಂದು ಜನಾನ ಮೂರು ಕಡೆ ನಿಲ್ಲಿಸಿ ಫೋಟೋ ತೆಗೆದಿದ್ದಾರೆ, ಅಷ್ಟೆ.” ಹುಡುಕಮ್ಮನ ತಪ್ಪು ಹಿಡಿದ ಸಂಭ್ರಮದಲ್ಲಿ ಅವರ ಮುಖ ಅರಳಿತ್ತು. “ನನಗೆ ಹೇಗೆ ತಿಳೀತು ಹೇಳಿ? ವಯಸ್ಸಿನಲ್ಲಿ ನಾನೂ ಮಾಡಿದ್ದೆ. ಬಡ್ತಿ ಬೇಕಿತ್ತು ನೋಡಿ. ನೀವು ಯಾವಾಗಲೂ ನಮಗೆ ಹೇಳ್ತೀರಲ್ಲ, ಒಬ್ಬರೇ ಓದಿದ್ರೆ…”

ಆಕೆಯ ಮುಖ ನೋಡಿ ಅವರ ಮಾತು ಅಲ್ಲೇ ನಿಂತಿತು. ಶುರುಮಾಡಿದ ವಾಕ್ಯವನ್ನು ಅವರು ಅರ್ಧಕ್ಕೆ ಬಿಟ್ಟದ್ದನ್ನು ಆ ಆಸ್ಪತ್ರೆಯಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

“ಯಾರ ಕಾಯಿಲೆ ಇದು?”

“ಅಕ್ಕಂದು.”

ಗೋಡೆಯಾಚೆ ಯಂತ್ರ ಬಟ್ಟೆ ಹಿಂಡುತ್ತಿತ್ತು. ದೊಡ್ಡ ಡಾಕ್ಟರು ಕೋಟಿನ ಜೇಬಿಗೆ ಕೈ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕೊನೆಗೆ, “ಬಿಟ್ಟಿದ್ದು ಯಾವುದಾದರೂ ಇದೆಯಾ?” ಎಂದು ಮೆಲ್ಲಗೆ ಕೇಳಿದರು. ಆಕೆ ನಾಲ್ಕನೆಯದನ್ನು ಕೊಟ್ಟಳು.

“ಯಾಕೆ ಬಿಟ್ರಿ?”

“ವಯಸ್ಸು.”

“ಎಷ್ಟು ವ್ಯತ್ಯಾಸ?”

ಹುಡುಕಮ್ಮ ಪೆನ್ಸಿಲ್ಲು ಕೆಳಗಿಟ್ಟಳು. ದೊಡ್ಡ ಡಾಕ್ಟರು ಎರಡನೇ ಸಲ ಕೇಳಲಿಲ್ಲ. ಅದರ ಇನ್ನೊಂದು ಪ್ರತಿ ತೆಗೆಸಿಕೊಂಡು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಆಕೆ ತನ್ನ ಕುರ್ಚಿಯಲ್ಲಿ ಕೂತಳು. ಇಬ್ಬರೂ ನಿಯಮದ ಪ್ರಕಾರ ಮಾತಿಲ್ಲದೆ, ಮೊದಲಿಂದ ಕೊನೆಯವರೆಗೆ ಓದಿದರು. ಕುರ್ಚಿ ಒಂದು ಸಲವೂ ಕಿರುಗುಟ್ಟಲಿಲ್ಲ. ಕೊನೆಗೆ ತಾಳೆ ನೋಡಿದಾಗ ಇಬ್ಬರಿಗೂ ಕಂಡದ್ದು ಒಂದೇ. ಚಿಕಿತ್ಸೆ ತೆಗೆದುಕೊಂಡವರೂ, ತೆಗೆದುಕೊಳ್ಳದವರೂ ಹೆಚ್ಚುಕಡಿಮೆ ಅಷ್ಟೇ ಕಾಲ ಬದುಕಿದ್ದರು. ತೆಗೆದುಕೊಂಡವರು ಅದರಲ್ಲಿ ಬಹುಪಾಲನ್ನು ಆಸ್ಪತ್ರೆಯಲ್ಲಿ ಕಳೆದಿದ್ದರು.

“ಬೇಕಾದ್ರೆ ನಾನು ಮಾತಾಡ್ತೀನಿ ಅವರ ಹತ್ರ” ಎಂದರು ದೊಡ್ಡ ಡಾಕ್ಟರು.

“ಬೇಡ ಸಾರ್. ಮೂರು ಅಂದೋಳು ನಾನು.”

ಭಾನುವಾರದ ಬಸ್ಸು ಖಾಲಿಯಿತ್ತು. ಹುಡುಕಮ್ಮ ಕಿಟಕಿಗೆ ತಲೆಯಾನಿಸಿ ಕೂತು ತನ್ನ ಜೊತೆ ತಾನೇ ಜಗಳವಾಡಿದಳು. ಹೇಳದೆ ಇದ್ದರೆ ಏನಾಗುತ್ತದೆ? ಅಕ್ಕ ನಂಬಿಕೆಯಿಂದ ಹೋಗುತ್ತಾಳೆ. ನಂಬಿಕೆಯೂ ಒಂದು ಔಷಧವೇ ಅಲ್ಲವೇ? ಯಾರು ಬಂದು ಎಣಿಸುತ್ತಾರೆ? ಗುಣವಾಗದಿದ್ದರೆ ಚಿಕಿತ್ಸೆಯ ತಲೆಗೆ ಕಟ್ಟಿದರಾಯಿತು. ಹೀಗೆ ಯೋಚನೆ ಹರಿದು ಹರಿದು ಒಂದು ಕಡೆ ಬಂದು ನಿಂತಿತು. ಅಕ್ಕ ಬದುಕಲಿ ಎಂದಷ್ಟೇ ತಾನು ಮೂರು ಎಂದು ಎಣಿಸಿದ್ದಲ್ಲ. ‘ಬೇಡ, ಹೋಗಬೇಡ’ ಎನ್ನುವ ಬಾಯಿ ತನ್ನದಾಗಬಾರದು ಎಂದೂ ಎಣಿಸಿದ್ದು. ಆ ತುದಿಯ ನಿಲ್ದಾಣ ಬಂದಾಗ ಕಂಡಕ್ಟರು ಎರಡು ಸಲ ಕೂಗಬೇಕಾಯಿತು.

ಮುಂಗೋಣೆಯಲ್ಲಿ ಯಂತ್ರವಿದ್ದ ಜಾಗ ಬರಿದಾಗಿತ್ತು. ನೆಲದ ಮೇಲೆ ಅದರ ಕಾಲುಗಳ ಗುರುತು ಬೆಳ್ಳಗೆ ಉಳಿದಿತ್ತು. ಅಕ್ಕ ತಲೆಗೆ ಹೂವಿನ ಬಟ್ಟೆ ಕಟ್ಟಿಕೊಂಡು ಕೂತಿದ್ದಳು.

“ಬಾ. ಏನೇ ಅದು, ಮುಖ ಇಸ್ತ್ರಿ ಮಾಡದ ಅಂಗಿ ಥರ?”

“ಅಕ್ಕಾ, ಮೂರು ಅಂದಿದ್ನಲ್ಲ, ಮೂರಲ್ಲ. ಒಂದೇ.”

“ಮಿಕ್ಕಿದ್ದೆರಡು ಎಲ್ಲಿ ಹೋದ್ವು?”

“ಅವೂ ಅದೇ. ಅದೇ ರೋಗಿಗಳು. ಒಂದನ್ನೇ ಮೂರು ಸಲ ಬರ್ದಿದ್ದಾರೆ, ನಾನು ಗಮನಿಸಲಿಲ್ಲ.”

“ಗಮನಿಸಲಿಲ್ವಾ!” ಅಕ್ಕನ ದನಿ ಏರಿತು. “ಒಂದೇ ತಾನಿನ ಬಟ್ಟೇನ ಬಿಸಿಲಲ್ಲೊಂದು ಸಲ, ನೆರಳಲ್ಲೊಂದು ಸಲ ತೋರ್ಸಿ ಎರಡು ಬಣ್ಣ ಅಂತ ಮಾರೋರನ್ನ ಎಷ್ಟು ಜನಾನ ಹಿಡಿದಿದ್ದೀನಿ ನಾನು. ನಿನ್ನ ಕೆಲಸವೇ ಅದು. ಕಣ್ಣೇನು ಮೇಯೋಕೆ ಹೋಗಿತ್ತಾ?”

“ಕಾಣೋದು ಬೇಡವಾಗಿತ್ತು ಅಕ್ಕಾ.”

ಆಮೇಲೆ ನಾಲ್ಕನೆಯದನ್ನೂ ಹೇಳಿದಳು. ಏನನ್ನೂ ಸಿಹಿ ಮಾಡದೆ, ಏನನ್ನೂ ಬಿಡದೆ, ಆಸ್ಪತ್ರೆಯಲ್ಲಿ ಕಳೆಯುವ ತಿಂಗಳುಗಳನ್ನೂ ಸೇರಿಸಿ ಹೇಳಿದಳು. ಅಕ್ಕ ತೊಡೆಯ ಮೇಲಿನ ಬಟ್ಟೆಯ ನೆರಿಗೆಯನ್ನು ಬೆರಳಿಂದ ತೀಡುತ್ತ ಕೇಳಿದಳು.

“ನನಗೂ ಹಂಗೇ ಆಗುತ್ತೆ ಅಂತ ಬರ್ದಿದೆಯಾ ಅದ್ರಲ್ಲಿ?”

“ನಿನ್ನ ಬಗ್ಗೆ ಏನೂ ಬರ್ದಿಲ್ಲ. ತುಂಬಾ ಜನರ ಬಗ್ಗೆ ಬರ್ದಿದೆ. ಒಬ್ಬೊಬ್ಬರಿಗೆ ಏನಾಗುತ್ತೆ ಅಂತ ಯಾರಿಗೂ ಗೊತ್ತಿಲ್ಲ.”

“ಜಡೆ ಕತ್ತರಿಸ್ಕೊಂಡ್ನಲ್ಲೇ ಮಾರಾಯ್ತಿ! ಮಿಷನ್ ಕೊಟ್ಬಿಟ್ಟೆ. ಕೊಟ್ಟಿದ್ದನ್ನ ವಾಪಸ್ಸು ಕೇಳೋಕಾಗುತ್ತಾ?” ಎಂದು ಅಕ್ಕ ಕಿಟಕಿಯ ಕಡೆ ತಿರುಗಿದಳು. ಅವಳ ಹೆಗಲು ಅಲುಗುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹಿಂದಿನಿಂದ ಹೇಳುವಂತಿರಲಿಲ್ಲ. ಹುಡುಕಮ್ಮ ಎದ್ದು ಹತ್ತಿರ ಹೋಗಲೂ ಧೈರ್ಯ ಸಾಲದೆ, ಕೂರಲೂ ಆಗದೆ, ಯಂತ್ರದ ಕಾಲಿನ ಗುರುತುಗಳ ನಡುವೆ ನಿಂತಿದ್ದಳು. ಎದುರುಮನೆಯಲ್ಲಿ ಆ ಸೊಸೆ ಪೆಡಲು ತುಳಿಯುವುದು ಕೇಳುತ್ತಿತ್ತು. ಇನ್ನೂ ಕಾಲು ಕುದುರಿರಲಿಲ್ಲ, ದಾರ ಮತ್ತೆಮತ್ತೆ ಕಡಿಯುತ್ತಿತ್ತು.

“ಪೆದ್ದಿ, ದಾರ ಬಿಗಿ ಮಾಡಿದ್ದಾಳೆ” ಎಂದಳು ಅಕ್ಕ. ಮೂಗೊರೆಸಿಕೊಂಡಳು. “ನಿನ್ನ ಮನೇಲಿ ಬಿಸಿಲು ಬರೋ ಕೋಣೆ ಯಾವ್ದು?”

“ಮುಂದಿನದು. ಪುಸ್ತಕ ತುಂಬಿದ್ದೀನಿ.”

“ಆಚೆ ಹಾಕು. ಅಲ್ಲೊಂದು ಮಂಚ ಹಾಕು. ಆ ಗಾಜಿನ ಡಬ್ಬಿಗೆ ನಾನು ಹೋಗಲ್ಲ. ನೀನು ಆಚೆ ನಿಂತ್ಕೊಂಡು ಕೈ ಬೀಸೋದು, ನಾನು ಒಳಗಿಂದ ಬೀಸೋದು, ಏನ್ ಮೃಗಾಲಯವಾ ಅದು?”

“ಯೋಚನೆ ಮಾಡು ಅಕ್ಕಾ. ನಾಳೆವರೆಗೂ ಸಮಯ ಇದೆ.”

“ಮಾಡಾಯ್ತು. ಸೂಟ್‌ಕೇಸು ಎತ್ತು.”

ಸೂಟ್‌ಕೇಸು ಭಾರವಿತ್ತು. ಹುಡುಕಮ್ಮ ಅದನ್ನು ಹೊಸಿಲು ದಾಟಿಸಿ, ಹಿಂತಿರುಗಿ ಅಕ್ಕನ ಹೆಗಲಿಗೆ ಸ್ವೆಟರು ಹೊದಿಸಿ, ಗುಂಡಿ ಹಾಕಲು ಬಗ್ಗಿದಳು. ಅಕ್ಕ ಅವಳ ನರೆತ ಬೈತಲೆಯನ್ನು ನೋಡುತ್ತ ನಿಂತಿದ್ದಳು.

“ನೀನು ಬಿಡು, ಒಬ್ಬಳೇ ಇದ್ದು ಅಭ್ಯಾಸ ಆಗಿರೋಳು. ನಾನು ಹೋದ ಮೇಲೂ ನಿನಗೆ ಅಷ್ಟೊಂದು ಪುಸ್ತಕ ಇರುತ್ತೆ. ಸಾಲದಾ?”

“ಸಾಲಲ್ಲ” ಎಂದಳು ಹುಡುಕಮ್ಮ.